ಚೆಲುವ ಹೈಡ್

ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಇಬ್ಬರೂ ಒಬ್ಬನೇ ಎಂಬ ಗುಟ್ಟು ಇಂದು ಗುಟ್ಟಾಗಿ ಉಳಿದಿಲ್ಲ. ಮೂಲ ಕಿರುಕಾದಂಬರಿಯ ಒಂದು ಪುಟವನ್ನೂ ಓದದವರಿಗೆ ಸಹ ಅದು ಗೊತ್ತು. 1886ರ ಜನವರಿಯಲ್ಲಿ ಒಂದು ಶಿಲಿಂಗ್ ಬೆಲೆಯ ಪುಸ್ತಕವಾಗಿ ಅದು ಲಂಡನ್ನಿನಲ್ಲಿ ಹೊರಬಂದಾಗ ಹೀಗಿರಲಿಲ್ಲ. ರಾಬರ್ಟ್ ಲೂಯಿ ಸ್ಟೀವನ್‌ಸನ್ ಇಡೀ ಕಥೆಯನ್ನು ಅಟರ್‌ಸನ್ ಎಂಬ ವಕೀಲನ ಹಿಂದೆ ನಡೆಸುತ್ತ, ಹೈಡ್ ಎಂಬಾತ ಜೆಕಿಲ್‌ನನ್ನು ಯಾವುದೋ ಹಳೆಯ ತಪ್ಪಿನ ನೆಪದಲ್ಲಿ ಹೆದರಿಸಿ ಹಣ ಕೀಳುತ್ತಿರಬೇಕು ಎಂದು ಓದುಗನೂ ಆ ವಕೀಲನ ಜೊತೆ ಸೇರಿ ಶಂಕಿಸುವಂತೆ ಮಾಡಿ, ಸಭ್ಯ ವೈದ್ಯ ಜೆಕಿಲ್‌ನೇ ಔಷಧ ಕುಡಿದು ಕೆಡುಕ ಹೈಡ್ ಆಗುತ್ತಿದ್ದ ಎಂಬ ನಿಜವನ್ನು ಕೊನೆಯ ಎರಡು ಅಧ್ಯಾಯಗಳಲ್ಲಿ ಮಾತ್ರ ಬಿಚ್ಚಿಡುತ್ತಾನೆ. ಆ ಕೊನೆ ಜನರ ಬಾಯಿಗೆ ಬಿದ್ದ ಮೇಲೆ ಕಥೆಯನ್ನು ಮತ್ತೆ ಹೇಳಹೊರಟವರಿಗೆಲ್ಲ ಒಂದೇ ತೊಡಕು ಎದುರಾಯಿತು. ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವಾಗ ಹೊಸದಾಗಿ ತೋರಿಸುವುದಾದರೂ ಏನನ್ನು?

ಬಹಳಷ್ಟು ಜನ ಕಂಡುಕೊಂಡ ಉತ್ತರ ಮುಖವಾಡದ ಅಂಗಡಿಯದು. ಹೈಡ್ ಎಷ್ಟು ಭೀಕರವಾಗಿ ಕಾಣಬಹುದು, ಸಭ್ಯ ಮುಖವೊಂದು ನಮ್ಮ ಕಣ್ಣೆದುರೇ ಹೇಗೆ ಮೃಗದ ಮುಖವಾಗಬಹುದು ಎಂಬುದೇ ನಾಟಕ ಮತ್ತು ಸಿನಿಮಾಗಳ ಪಂದ್ಯವಾಯಿತು. 1931ರಲ್ಲಿ ರೂಬೆನ್ ಮಮೂಲಿಯನ್ ನಿರ್ದೇಶಿಸಿದ ಹಾಲಿವುಡ್ ಚಿತ್ರದಲ್ಲಿ ಈ ಪಂದ್ಯ ತುತ್ತತುದಿ ಮುಟ್ಟಿತು ಎನ್ನಬೇಕು. ಅದರ ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್, ಫ್ರೆಡ್ರಿಕ್ ಮಾರ್ಚ್‌ನ ಮುಖಕ್ಕೆ ಬಣ್ಣದ ಮೇಕಪ್ ಹಚ್ಚಿಸಿ, ಅದೇ ಬಣ್ಣದ ಫಿಲ್ಟರನ್ನು ಕ್ಯಾಮೆರಾದ ಮುಂದೆ ಹಿಡಿದು ಮೇಕಪ್ಪನ್ನು ಮರೆಮಾಡಿದ. ಮತ್ತೊಂದು ಬಣ್ಣದ ಫಿಲ್ಟರನ್ನು ಮೆಲ್ಲಗೆ ಸರಿಸಿದಾಗ ಅಡಗಿದ್ದ ಗೆರೆಗಳು ಒಂದೊಂದಾಗಿ ಮೇಲೆದ್ದು ಬಂದವು. ಕಪ್ಪು-ಬಿಳುಪು ಚಿತ್ರವಾದ್ದರಿಂದ ಪ್ರೇಕ್ಷಕನಿಗೆ ಬಣ್ಣವೂ ಕಾಣಲಿಲ್ಲ, ಕೈಚಳಕವೂ ಕಾಣಲಿಲ್ಲ. ಮಾರ್ಚ್‌ಗೆ ಆಸ್ಕರ್ ಬಂತು. ಹಲ್ಲು ಮುಂದೆ ಬಂದ, ಕೂದಲು ಹಣೆಗಿಳಿದ ವಾನರರೂಪಿ ಹೈಡ್ ಜನರ ಮನಸ್ಸಿನಲ್ಲಿ ನೆಲೆಯೂರಿದ.

ಭಯಾನಕ ಚಿತ್ರಗಳಿಗೆ ಹೆಸರಾದ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ 1960ರಲ್ಲಿ ತೆರೆಗೆ ತಂದ 'ದ ಟೂ ಫೇಸಸ್ ಆಫ್ ಡಾಕ್ಟರ್ ಜೆಕಿಲ್' ಈ ಪಂದ್ಯದಿಂದಲೇ ಹೊರಗೆ ನಡೆಯುತ್ತದೆ. ಅಲ್ಲಿ ಗಡ್ಡ ಬಿಟ್ಟ, ಹುಬ್ಬು ಗಂಟಿಕ್ಕಿದ, ಒಡಕು ದನಿಯ, ನೋಡಿದರೆ ಆಕಳಿಕೆ ಬರುವಂಥ ಮನುಷ್ಯ ಜೆಕಿಲ್. ನುಣ್ಣಗೆ ಮುಖ ಕ್ಷೌರ ಮಾಡಿಕೊಂಡ, ಹೊಳೆಯುವ ಕಣ್ಣಿನ, ಸೊಗಸುಗಾರ ತರುಣ ಹೈಡ್. ಎರಡೂ ಪಾತ್ರಗಳನ್ನು ಮಾಡಿದವನು ಕೆನಡಾ ಮೂಲದ ನಟ ಪಾಲ್ ಮ್ಯಾಸಿ. ಹ್ಯಾಮರ್ ಚಿತ್ರಗಳ ಪಟ್ಟಿ ಮಾಡುವವರು ಇದನ್ನು ಸಾಮಾನ್ಯವಾಗಿ ಸೋತ ಚಿತ್ರಗಳ ಸಾಲಿನಲ್ಲಿ ಕೂರಿಸಿ ಮುಂದೆ ಹೋಗುತ್ತಾರೆ. ಅದರ ದೋಷಗಳು ನನಗೂ ಕಾಣುತ್ತವೆ, ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ. ಆದರೂ ಈ ಕಥೆಯ ಒಳಗೆ ಹುದುಗಿದ್ದ ನಿಜವಾದ ಭಯವನ್ನು ಇಷ್ಟು ನೇರವಾಗಿ ಮುಟ್ಟಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಹೈಡ್‌ನನ್ನು ಚೆಲುವನನ್ನಾಗಿಸಿದ್ದು ಮೂಲಕ್ಕೆ ಬಗೆದ ದ್ರೋಹ ಎನ್ನುವವರಿದ್ದಾರೆ. ಮೂಲವನ್ನು ನಿಧಾನವಾಗಿ ಓದಿದರೆ ಹಾಗೆನಿಸುವುದಿಲ್ಲ. ಸ್ಟೀವನ್‌ಸನ್ನನ ಹೈಡ್ ಗಿಡ್ಡ, ಬಿಳಿಚಿಕೊಂಡವನು, ಜೆಕಿಲ್‌ಗಿಂತ ಚಿಕ್ಕ ವಯಸ್ಸಿನವನು. ಅವನನ್ನು ಕಂಡವರಿಗೆಲ್ಲ ಏನೋ ಅಸಹ್ಯವೆನಿಸುತ್ತದೆ, ಆದರೆ ಯಾವ ಅಂಗದಲ್ಲಿ ಯಾವ ಊನವಿದೆ ಎಂದು ಕೇಳಿದರೆ ಒಬ್ಬರೂ ಬೆರಳಿಟ್ಟು ತೋರಿಸಲಾರರು. ಹೈಡ್ ಯಾಕೆ ಚಿಕ್ಕವನು ಎಂಬುದಕ್ಕೆ ಜೆಕಿಲ್ ಕೊಡುವ ವಿವರಣೆಯೂ ಸ್ವಾರಸ್ಯಕರವಾಗಿದೆ. ತನ್ನ ಬದುಕಿನ ಹತ್ತರಲ್ಲಿ ಒಂಬತ್ತು ಪಾಲು ಸದಾಚಾರ ಮತ್ತು ಹತೋಟಿಯಲ್ಲೇ ಕಳೆದುಹೋದ್ದರಿಂದ ಕೆಟ್ಟ ಭಾಗ ಹೆಚ್ಚು ದುಡಿಯಲೂ ಇಲ್ಲ, ಹೆಚ್ಚು ಸವೆಯಲೂ ಇಲ್ಲ, ಹೀಗಾಗಿ ಅದು ಕಿರಿದಾಗಿಯೂ ಎಳೆಯದಾಗಿಯೂ ಉಳಿಯಿತು ಎನ್ನುತ್ತಾನೆ. ಇದಕ್ಕಿಂತ ಮುಖ್ಯವಾದದ್ದು ಮೊದಲ ರೂಪಾಂತರದ ರಾತ್ರಿ ಅವನು ಕನ್ನಡಿಯ ಮುಂದೆ ನಿಲ್ಲುವ ಗಳಿಗೆ. ಅಲ್ಲಿ ಕಂಡ ವಿಕಾರ ರೂಪದ ಬಗ್ಗೆ ಅವನಿಗೆ ಹೇಸಿಗೆಯಾಗುವುದಿಲ್ಲ, ಇದೂ ನಾನೇ ಎಂದು ಮನಸ್ಸು ಹಿಗ್ಗಿ ಬರಮಾಡಿಕೊಳ್ಳುತ್ತದೆ. ಅಂದರೆ ಲೋಕದ ಕಣ್ಣಿಗೆ ಹೈಡ್ ಅಸಹ್ಯ, ಜೆಕಿಲ್‌ನ ಕಣ್ಣಿಗೆ ಅಲ್ಲ. ಅದುವರೆಗಿನ ಚಿತ್ರಗಳು ಲೋಕದ ಕಣ್ಣಿನಿಂದ ಹೈಡ್‌ನನ್ನು ತೋರಿಸಿದ್ದವು. ಹ್ಯಾಮರ್ ಚಿತ್ರ ತೋರಿಸಿದ್ದು ಜೆಕಿಲ್ ಕನ್ನಡಿಯಲ್ಲಿ ಕಂಡ ಹೈಡ್‌ನನ್ನು. (ಗಡ್ಡದ ವಿಚಾರದಲ್ಲಿ ಮಾತ್ರ ಚಿತ್ರ ಮೂಲವನ್ನು ತಲೆಕೆಳಗು ಮಾಡಿದೆ. ಪುಸ್ತಕದ ಜೆಕಿಲ್ ನುಣುಪು ಮುಖದ, ಐವತ್ತರ ಹರೆಯದ, ದೊಡ್ಡ ಆಳ್ತನದ ಮನುಷ್ಯ.)

ಚಿತ್ರಕಥೆ ಬರೆದ ವುಲ್ಫ್ ಮ್ಯಾಂಕೊವಿಟ್ಜ್ ಭಯಾನಕ ಚಿತ್ರಗಳ ಬಳಗದವನಲ್ಲ. ಲಂಡನ್ನಿನ ಸೋಹೋ ಬೀದಿಗಳ ಮೋಜು-ಮೋಸದ ಲೋಕವನ್ನು ವ್ಯಂಗ್ಯವಾಗಿ ಚಿತ್ರಿಸಿದ ಸಂಗೀತ ನಾಟಕವೊಂದನ್ನು 1958ರಲ್ಲಿ ರಂಗಕ್ಕೆ ತಂದು ಹೆಸರಾಗಿದ್ದವನು. ಅದಕ್ಕೆ ಸಂಗೀತ ಕೊಟ್ಟಿದ್ದ ಮಾಂಟಿ ನಾರ್ಮನ್ ಮತ್ತು ಡೇವಿಡ್ ಹೆನೆಕರ್ ಈ ಚಿತ್ರಕ್ಕೂ ಕೈಜೋಡಿಸಿದರು. ನಿರ್ದೇಶಕ ಟೆರೆನ್ಸ್ ಫಿಷರ್ ಬೇರೆಯೇ ಜಾಯಮಾನದವನು. ಸಂಕಲನಕಾರನಾಗಿ ಪಳಗಿ ಬಂದ ಈತ 1957ರಿಂದ 1959ರೊಳಗೆ ಫ್ರಾಂಕೆನ್‌ಸ್ಟೈನ್, ಡ್ರಾಕುಲಾ ಮತ್ತು ಮಮ್ಮಿಯ ಕಥೆಗಳನ್ನು ವರ್ಣದಲ್ಲಿ ಹೊಸದಾಗಿ ಹೇಳಿ ಹ್ಯಾಮರ್ ಸಂಸ್ಥೆಗೆ ಜಗತ್ತಿನಾದ್ಯಂತ ಹೆಸರು ತಂದಿದ್ದ. ಒಳಿತು ಮತ್ತು ಕೆಡುಕು ಎಂಬ ಎರಡು ಶಕ್ತಿಗಳು ನಿಜಕ್ಕೂ ಇವೆ, ಅವುಗಳ ನಡುವೆ ಹೋರಾಟ ನಡೆಯುತ್ತದೆ ಎಂಬ ನಂಬಿಕೆ ಅವನ ಚಿತ್ರಗಳ ಬೆನ್ನೆಲುಬು. ಮ್ಯಾಂಕೊವಿಟ್ಜ್‌ಗೆ ಅಂಥ ನಂಬಿಕೆಯೇನೂ ಇದ್ದಂತೆ ಕಾಣುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಮರ್ಯಾದಸ್ಥರ ಸೋಗನ್ನು ಕಳಚುವುದು. ಈ ಚಿತ್ರದಲ್ಲಿ ಮೂರು ಕಾಸಿನ ಬೆಲೆಯ ಪಾತ್ರ ಒಂದೂ ಇರಲಿಲ್ಲ ಎಂಬ ಧಾಟಿಯಲ್ಲಿ ಫಿಷರ್ ಮುಂದೊಮ್ಮೆ ಗೊಣಗಿದ್ದುಂಟು. ಅವನ ಗೊಣಗಾಟ ಅರ್ಥವಾಗುವಂಥದ್ದೇ. ಡ್ರಾಕುಲಾನ ಎದುರು ನಿಲ್ಲಲು ವ್ಯಾನ್ ಹೆಲ್ಸಿಂಗ್ ಇದ್ದ. ಇಲ್ಲಿ ಹೈಡ್‌ನ ಎದುರು ನಿಲ್ಲಲು ಬುದ್ಧಿ ಹೇಳುವ ಮುದಿ ಗೆಳೆಯ ಲಿಟಾವರ್‌ನನ್ನು ಬಿಟ್ಟರೆ ಯಾರೂ ಇಲ್ಲ.

ಕಥೆ ನಡೆಯುವುದು 1874ರ ಲಂಡನ್ನಿನಲ್ಲಿ. ಜೆಕಿಲ್ ತನ್ನ ಸಹೋದ್ಯೋಗಿಗಳ ನಂಬಿಕೆ ಕಳೆದುಕೊಂಡು ಮನೆಯಲ್ಲೇ ಪ್ರಯೋಗ ಮಾಡುತ್ತ ಕುಳಿತವನು. ಮಾತು ಬಾರದ ಮಕ್ಕಳು ಅವನ ತೋಟದಲ್ಲಿ ಆಡುತ್ತಿರುವುದನ್ನು ನೋಡುತ್ತ, ಸಮಾಜ ಕಟ್ಟಿದ ನೀತಿಯ ಆಚೆ ಮನುಷ್ಯನೊಳಗೆ ಇನ್ನೊಬ್ಬ ಸ್ವತಂತ್ರ ಮನುಷ್ಯನಿದ್ದಾನೆ ಎಂದು ಲಿಟಾವರ್‌ಗೆ ಉಪದೇಶ ಮಾಡುತ್ತಾನೆ. ಮಾತು ಉದ್ದವಾಯಿತು ಎಂದು ನಮಗೆ ಅನಿಸುವ ಹೊತ್ತಿಗೆ ಕಥೆ ಪ್ರಯೋಗಾಲಯದಿಂದ ಮನೆಯೊಳಕ್ಕೆ ಬರುತ್ತದೆ, ಚಿತ್ರಕ್ಕೂ ಜೀವ ಬರುತ್ತದೆ. ಅಲ್ಲಿ ಡಾನ್ ಆಡಮ್ಸ್ ನಟಿಸಿರುವ ಕಿಟ್ಟಿ ಇದ್ದಾಳೆ, ಜೆಕಿಲ್‌ನ ಹೆಂಡತಿ.

ಈ ಹೆಂಡತಿಯೇ ಚಿತ್ರದ ದೊಡ್ಡ ಆವಿಷ್ಕಾರ. ಸ್ಟೀವನ್‌ಸನ್ನನ ಜೆಕಿಲ್‌ಗೆ ಹೆಂಡತಿಯಿಲ್ಲ, ಪ್ರೇಯಸಿಯಿಲ್ಲ. ಆ ಪುಸ್ತಕ ಬಹುಮಟ್ಟಿಗೆ ಒಂಟಿ ಗಂಡಸರ ಲೋಕ. 1887ರಲ್ಲಿ ನಾಟಕವಾದಾಗ ಅದಕ್ಕೊಬ್ಬ ಮದುವೆ ಗೊತ್ತಾದ ಹುಡುಗಿ ಸೇರಿಕೊಂಡಳು. ಆಮೇಲೆ ಬಂದ ಸಿನಿಮಾಗಳು ಜೆಕಿಲ್‌ಗೊಬ್ಬ ಸುಶೀಲೆ, ಹೈಡ್‌ಗೊಬ್ಬ ಕುಡಿತದ ಮನೆಯ ಹೆಣ್ಣು ಎಂದು ಲೆಕ್ಕ ಹಂಚಿದವು. ಗಂಡಸಿನೊಳಗಿನ ಎರಡು ಪಾಲಿಗೆ ಎರಡು ಹೆಣ್ಣು. ಮ್ಯಾಂಕೊವಿಟ್ಜ್ ಈ ಹಂಚಿಕೆಯನ್ನು ಕಿತ್ತುಹಾಕಿದ್ದಾನೆ. ಮನೆಯಲ್ಲಿರಬೇಕಾದ ಹೆಂಡತಿಯೇ ಇಲ್ಲಿ ಮೋಜಿನ ಮನೆಯಲ್ಲಿದ್ದಾಳೆ. ಗಂಡನ ಸ್ನೇಹಿತ ಪಾಲ್ ಆಲನ್ ಜೊತೆ ಅವಳ ಸಂಬಂಧ ನಡೆದಿದೆ. ಆ ಪಾಲ್ ಜೂಜುಕೋರ, ಸಾಲಗಾರ, ಸಾಲಕ್ಕಾಗಿ ಕೈಚಾಚುವುದು ಜೆಕಿಲ್‌ನ ಮುಂದೆಯೇ. ಸಂಜೆ ಮನೆಯಲ್ಲಿರು ಎಂದು ಜೆಕಿಲ್ ಹೆಂಡತಿಯನ್ನು ಕೇಳಿಕೊಳ್ಳುತ್ತಾನೆ, ಅವಳು ಊಟಕ್ಕೆ ಕರೆದಿದ್ದಾರೆಂದು ನೆಪ ಹೇಳಿ ಹೊರಡುತ್ತಾಳೆ, ಅವನು ಪ್ರಯೋಗಾಲಯಕ್ಕೆ ಹೋಗಿ ಔಷಧವನ್ನು ತನ್ನ ಮೇಲೇ ಪ್ರಯೋಗಿಸಿಕೊಳ್ಳುತ್ತಾನೆ. ವಿಜ್ಞಾನಕ್ಕಾಗಿ ಎಂದು ಅವನು ಹೇಳಿಕೊಂಡರೂ ಆ ಸಂಜೆಯ ಒಂಟಿತನ ನಮಗೆ ಕಂಡುಬಿಟ್ಟಿದೆ.

ಮುಂದಿನದು ಸ್ಫಿಂಕ್ಸ್ ಎಂಬ ಹೆಸರಿನ ನೃತ್ಯಶಾಲೆ. ಅದರ ಕೆಂಪು, ಹೊನ್ನಿನ ಬಣ್ಣಗಳು ಟೆಕ್ನಿಕಲರಿನಲ್ಲಿ ಕಣ್ಣಿಗೆ ರಾಚುತ್ತವೆ. ಥೇಮ್ಸ್ ನದಿಯ ದಡದ ಬ್ರೇ ಸ್ಟುಡಿಯೋ ಸಣ್ಣದು. ಕಲಾ ನಿರ್ದೇಶಕ ಬರ್ನಾರ್ಡ್ ರಾಬಿನ್ಸನ್ ಇದ್ದ ಸ್ವಲ್ಪ ಜಾಗದಲ್ಲೇ ಇಡೀ ಲಂಡನ್ನಿನ ಇರುಳ ಬದುಕನ್ನು ಕಟ್ಟಿ ನಿಲ್ಲಿಸಿದ್ದಾನೆ, ಛಾಯಾಗ್ರಾಹಕ ಜ್ಯಾಕ್ ಆಶರ್ ಅಗಲ ಪರದೆಯ ತುಂಬ ಅದನ್ನು ಹರಡಿದ್ದಾನೆ. ಮುಖ ಹಂತಹಂತವಾಗಿ ಮಾರ್ಪಡುವುದನ್ನು ತೋರಿಸುವ ಗೋಜಿಗೆ ಫಿಷರ್ ಹೋಗಿಲ್ಲ. ಸ್ಟ್ರಸ್‌ನ ಫಿಲ್ಟರಿನ ಉಪಾಯ ವರ್ಣಚಿತ್ರದಲ್ಲಿ ನಡೆಯುತ್ತಲೂ ಇರಲಿಲ್ಲವೆನ್ನಿ. ಅಪರಿಚಿತ ತರುಣನೊಬ್ಬ ಆ ಗದ್ದಲದೊಳಗೆ ನಡೆದು ಬರುತ್ತಾನೆ, ಜನ ತಿರುಗಿ ನೋಡುತ್ತಾರೆ, ಅವನ ತುಟಿಯಲ್ಲೊಂದು ನಗು. ಆ ನಗುವಿನೊಂದಿಗೆ ಸುತ್ತ ಕಣ್ಣಾಡಿಸುವಾಗ ಅವನಿಗೆ ಕಾಣುವುದು ತನ್ನ ಹೆಂಡತಿ, ಪಾಲ್‌ನ ತೋಳಿನಲ್ಲಿ. ಆ ಗಳಿಗೆಯಲ್ಲಿ ಮ್ಯಾಸಿಯ ಮುಖದಲ್ಲಿ ಸಿಟ್ಟು ಹಾಯುವುದನ್ನು ನಾವು ಕಾಯುತ್ತೇವೆ. ನಗು ಮಾತ್ರ ಮಾಸುವುದಿಲ್ಲ, ತುಸು ಗಟ್ಟಿಯಾಗುತ್ತದೆ, ಅಷ್ಟೇ. ಆಮೇಲೆ ಅವನು ಜೆಕಿಲ್‌ನ ಮಿತ್ರನೆಂದು ಪರಿಚಯ ಹೇಳಿಕೊಂಡು ಅವರ ನಡುವೆ ಸೇರಿಕೊಳ್ಳುತ್ತಾನೆ.

ಗಂಡನ ರೂಪ ತಾಳಿ ಪರಪುರುಷ ಬರುವ ಕಥೆ ನಮಗೆ ಹೊಸದಲ್ಲ. ಗೌತಮನ ರೂಪದಲ್ಲಿ ಇಂದ್ರ ಅಹಲ್ಯೆಯ ಬಳಿ ಬಂದದ್ದನ್ನು ಕೇಳಿ ಬೆಳೆದವರು ನಾವು. ಇಲ್ಲಿ ಅದು ಪೂರ್ತಿ ತಿರುಗುಮುರುಗು. ಪರಪುರುಷನ ರೂಪ ತಾಳಿ ಗಂಡನೇ ಬಂದಿದ್ದಾನೆ. ಅಹಲ್ಯೆಯ ಕಥೆಯಲ್ಲಿ ಮೋಸ ಹೋದ ಗಂಡನಿಗೆ ಶಾಪ ಕೊಡುವ ಹಕ್ಕಾದರೂ ಇತ್ತು. ಈ ಗಂಡ ತನ್ನ ಕಣ್ಣಾರೆ ಎಲ್ಲವನ್ನೂ ಕಂಡರೂ ನಾನು ನಿನ್ನ ಗಂಡ ಎಂದು ಹೇಳುವ ಸ್ಥಿತಿಯಲ್ಲಿಲ್ಲ. ಹೇಳುವ ಇಚ್ಛೆಯೂ ಅವನಿಗಿಲ್ಲ. ಯಾರಿಗೂ ಗುರುತು ಸಿಗದ ಮುಖವೊಂದು ದೊರೆತರೆ ಮನುಷ್ಯ ಮೊದಲು ಮಾಡುವುದೇನು ಎಂಬ ಪ್ರಶ್ನೆಗೆ ಹಳೆಯ ಚಿತ್ರಗಳು ಕುಡಿತ, ಹೆಣ್ಣು, ಹೊಡೆದಾಟ ಎಂದು ಉತ್ತರಿಸಿದ್ದವು. ತನ್ನ ಬೆನ್ನ ಹಿಂದೆ ತನ್ನವರು ಹೇಗಿರುತ್ತಾರೆಂದು ಹೋಗಿ ನೋಡುತ್ತಾನೆ ಎಂಬುದು ಈ ಚಿತ್ರದ ಉತ್ತರ. ನನಗೆ ಇದು ಮೃಗದ ಹಲ್ಲಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಪಾಲ್ ಆಲನ್‌ನ ಪಾತ್ರದಲ್ಲಿ ಕ್ರಿಸ್ಟೋಫರ್ ಲೀ ಇದ್ದಾನೆ. ಅದಕ್ಕೂ ಎರಡು ವರ್ಷ ಮೊದಲು ಡ್ರಾಕುಲಾ ಆಗಿ ಲೋಕವನ್ನೇ ನಡುಗಿಸಿದ ನಟ ಇಲ್ಲಿ ಸಲೀಸಾಗಿ ಸುಳ್ಳು ಹೇಳುವ, ಸೋತು ಸುಣ್ಣವಾದರೂ ಠೀವಿ ಬಿಡದ ವಿಲಾಸಿ. ಲೀ ಇಷ್ಟು ಹಗುರವಾಗಿ ನಟಿಸಿದ್ದು ಅಪರೂಪ. ಹೈಡ್‌ಗೆ ಲಂಡನ್ನಿನ ಕತ್ತಲ ಮೂಲೆಗಳನ್ನು ತೋರಿಸುವ ಗುರು ಇವನೇ. ಜೂಜು, ಅಫೀಮು, ಹೆಂಡ ಎಲ್ಲವೂ ಮುಗಿದು ಶಿಷ್ಯನಿಗೆ ಬೇಸರ ಹತ್ತಿದಾಗ ಗುರುವಿಗೇ ಗಾಬರಿಯಾಗುತ್ತದೆ. ಪಾಲ್‌ನದು ದೌರ್ಬಲ್ಯದ ಕೆಡುಕು, ಹೈಡ್‌ನದು ಲೆಕ್ಕಾಚಾರದ ಕೆಡುಕು. ಇವೆರಡರ ನಡುವಿನ ಅಂತರವನ್ನು ಲೀ ತನ್ನ ಮುಖದ ಸಣ್ಣ ಹಿಂಜರಿಕೆಯಲ್ಲೇ ತೋರಿಸಿಬಿಡುತ್ತಾನೆ. ನೃತ್ಯಶಾಲೆಯ ಜಗಳದಲ್ಲಿ ಪುಂಡನೊಬ್ಬ ಬಂದು ಹೋಗುತ್ತಾನಲ್ಲ, ಹೆಸರಿನ ಪಟ್ಟಿಯಲ್ಲಿ ಕಾಣಿಸದ ಆ ತರುಣ ಆಲಿವರ್ ರೀಡ್.

ಹೈಡ್ ಎಲ್ಲವನ್ನೂ ಕೊಳ್ಳಬಲ್ಲೆನೆಂದು ನಂಬಿದವನು. ಪಾಲ್‌ನ ಸಾಲವನ್ನು ತೀರಿಸಿ, ಅದರ ಬದಲಿಗೆ ಕಿಟ್ಟಿಯನ್ನು ಪಡೆಯಲು ನೋಡುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಇಡೀ ಚಿತ್ರದ ಜೀವಾಳ ಈ ನಿರಾಕರಣೆ ಎಂದು ನಾನು ತಿಳಿದಿದ್ದೇನೆ. ಪತಿವ್ರತೆಯಾಗಿದ್ದರೆ ಅವಳ ನಿರಾಕರಣೆಗೆ ಇಷ್ಟು ತೂಕ ಬರುತ್ತಿರಲಿಲ್ಲ. ಗಂಡನಿಗೆ ಸುಳ್ಳು ಹೇಳಿ ಬಂದವಳು, ಪರಪುರುಷನ ಜೊತೆಗಿರುವವಳು, ನೀತಿಯ ಗೆರೆಯನ್ನು ಎಂದೋ ದಾಟಿದವಳು. ಹೈಡ್‌ನ ಸಿದ್ಧಾಂತದ ಪ್ರಕಾರ ಇಂಥವಳಿಗೆ ಒಬ್ಬನಾದರೇನು ಇನ್ನೊಬ್ಬನಾದರೇನು? ಆದರೆ ಅವಳಿಗೆ ಆ ಕೈಲಾಗದ ಪಾಲ್ ಮೇಲೆ ನಿಜವಾದ ಪ್ರೀತಿಯಿದೆ. ಚೆಲುವು, ಹಣ, ಧೈರ್ಯ ಎಲ್ಲವೂ ಇರುವ ಹೈಡ್‌ನನ್ನು ಅವಳು ಒಲ್ಲೆನೆಂದಾಗ, ಕಟ್ಟುಪಾಡು ಕಳಚಿದ ಮನುಷ್ಯ ಬರಿಯ ಬಯಕೆಯ ಮೂಟೆ ಎಂಬ ಜೆಕಿಲ್‌ನ ಸಿದ್ಧಾಂತವೇ ಮುರಿದುಬೀಳುತ್ತದೆ. ಕಟ್ಟುಪಾಡು ಕಳಚಿದ ಮೇಲೂ ಅವಳಲ್ಲಿ ಏನೋ ಉಳಿದಿದೆ, ಹೈಡ್‌ನಲ್ಲಿ ಅದು ಇಲ್ಲ. ಗಂಡನಾಗಿ ಸೋತವನು ಪ್ರಿಯಕರನಾಗಿಯೂ ಸೋತ. ಒಬ್ಬಳೇ ಹೆಣ್ಣು ಅವನ ಎರಡು ಮುಖಗಳನ್ನೂ ಬೇಡವೆಂದಳು.

ಇಲ್ಲಿಂದ ಮುಂದೆ ಚಿತ್ರ ಎಡವುತ್ತದೆ. ಹೈಡ್ ಸೇಡಿಗಿಳಿದು ಹಾವಾಡಿಸುವ ನರ್ತಕಿ ಮರಿಯಾಳ ಹಾವಿನಿಂದ ಪಾಲ್‌ನನ್ನು ಕೊಲ್ಲಿಸುತ್ತಾನೆ. ಕಿಟ್ಟಿಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಪ್ರಜ್ಞೆ ಬಂದ ಅವಳು ಪಾಲ್‌ನ ಹೆಣವನ್ನು ಕಂಡು ದಿಕ್ಕುಗೆಟ್ಟು ನಡೆದು, ನೃತ್ಯಶಾಲೆಯ ಗಾಜಿನ ಮಾಡನ್ನು ಒಡೆದುಕೊಂಡು ಕುಣಿಯುತ್ತಿರುವ ಜನರ ನಡುವೆ ಬಿದ್ದು ಸಾಯುತ್ತಾಳೆ. ಆಮೇಲೆ ಮರಿಯಾಳ ಕೊಲೆ, ಅದೂ ಜೆಕಿಲ್‌ನ ಹಾಸಿಗೆಯಲ್ಲೇ. ಅಷ್ಟು ಹೊತ್ತು ಮನುಷ್ಯರ ಒಳಗನ್ನು ಕೆದಕುತ್ತಿದ್ದ ಕಥೆ ಹೆಣಗಳ ಲೆಕ್ಕಕ್ಕೆ ಇಳಿಯಿತಲ್ಲ ಎಂದು ಬೇಸರವಾಗುತ್ತದೆ. ಮರಿಯಾಳ ಪಾತ್ರವಂತೂ ಪೂರ್ವದ ಹೆಣ್ಣೆಂದರೆ ಹಾವು ಮತ್ತು ಮೈಮಾಟ ಎಂಬ ಆ ಕಾಲದ ಸವಕಲು ಅಚ್ಚಿನಿಂದ ಬಂದದ್ದು. ಅತ್ಯಾಚಾರವನ್ನು ಫಿಷರ್ ತೆರೆಯ ಮೇಲೆ ತೋರಿಸದಿದ್ದರೂ, ಕಿಟ್ಟಿಗೆ ಆದದ್ದರ ಬಗ್ಗೆ ಚಿತ್ರ ಒಂದು ನಿಮಿಷ ನಿಂತು ಯೋಚಿಸುವುದಿಲ್ಲ. ಅವಳನ್ನು ಅಷ್ಟು ಚೆನ್ನಾಗಿ ಕಟ್ಟಿದವರು ಅಷ್ಟು ಬೇಗ ಕೈಬಿಟ್ಟದ್ದು ನನಗೆ ಈ ಚಿತ್ರದ ಮೇಲಿರುವ ದೊಡ್ಡ ತಕರಾರು. ಮ್ಯಾಸಿಯ ಜೆಕಿಲ್ ಕೂಡ ಸಪ್ಪೆ. ಅಂಟಿಸಿದ ಗಡ್ಡ ಅಂಟಿಸಿದ್ದೆಂದೇ ಕಾಣುತ್ತದೆ, ದನಿಯ ಗೊಗ್ಗರತನ ಸ್ವಲ್ಪ ಹೊತ್ತಿನಲ್ಲೇ ಕಿವಿಗೆ ಭಾರವಾಗುತ್ತದೆ. ಹೈಡ್‌ನಾಗಿ ಅವನು ಎಷ್ಟು ಸಲೀಸೋ ಜೆಕಿಲ್‌ನಾಗಿ ಅಷ್ಟೇ ಕಷ್ಟಪಡುತ್ತಾನೆ.

ಚಿತ್ರ ಬಂದ ವರ್ಷವನ್ನು ಗಮನಿಸಿದರೆ ಅದರ ಸೋಲು ವಿಚಿತ್ರವೆನಿಸುತ್ತದೆ. ಅದೇ 1960ರಲ್ಲಿ ಮೈಕೆಲ್ ಪೊವೆಲ್‌ನ 'ಪೀಪಿಂಗ್ ಟಾಮ್' ಮತ್ತು ಹಿಚ್‌ಕಾಕ್‌ನ 'ಸೈಕೋ' ತೆರೆ ಕಂಡವು. ಎರಡರಲ್ಲೂ ಕೊಲೆಗಾರ ನಾಚಿಕೆ ಸ್ವಭಾವದ, ನೋಡಲು ಲಕ್ಷಣವಾದ ತರುಣ. ಕೆಡುಕಿಗೆ ವಿಕಾರ ಮುಖ ಬೇಕಿಲ್ಲ ಎಂಬ ಅರಿವು ಆ ವರ್ಷ ಗಾಳಿಯಲ್ಲೇ ಇತ್ತು. ವ್ಯಭಿಚಾರದ ಕಥೆಯುಳ್ಳ ಕಾದಂಬರಿಯೊಂದನ್ನು ಅಚ್ಚು ಹಾಕಿದ್ದಕ್ಕೆ ಪೆಂಗ್ವಿನ್ ಪ್ರಕಾಶನದ ಮೇಲೆ ಲಂಡನ್ನಿನ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದು, ನವೆಂಬರಿನಲ್ಲಿ ಜ್ಯೂರಿ ಪ್ರಕಾಶಕರನ್ನು ಖುಲಾಸೆ ಮಾಡಿದ್ದೂ ಅದೇ ವರ್ಷ. ಹ್ಯಾಮರ್‌ನ ಪ್ರೇಕ್ಷಕ ಮಾತ್ರ ರಾಕ್ಷಸನನ್ನು ನೋಡಲು ಟಿಕೆಟ್ ಕೊಂಡಿದ್ದ, ಸಂಸಾರದ ಬಿರುಕನ್ನು ನೋಡಲು ಅಲ್ಲ. ಅಮೆರಿಕದಲ್ಲಿ ವಿತರಕರು ಅಲ್ಲಲ್ಲಿ ಕತ್ತರಿ ಹಾಕಿ, 'ಹೌಸ್ ಆಫ್ ಫ್ರೈಟ್' ಎಂಬ ಭೂತದ ಮನೆಯ ಹೆಸರಿಟ್ಟು 1961ರಲ್ಲಿ ಬಿಡುಗಡೆ ಮಾಡಿದರು. ಜೆಕಿಲ್‌ನ ಹೆಸರೇ ಅದರಲ್ಲಿಲ್ಲ.

ಹ್ಯಾಮರ್ ಈ ಕಥೆಯನ್ನು ಅಲ್ಲಿಗೇ ಬಿಡಲಿಲ್ಲ. 1971ರ ಚಿತ್ರದಲ್ಲಿ ಜೆಕಿಲ್ ಹೆಣ್ಣಾಗಿ ಮಾರ್ಪಡುತ್ತಾನೆ, ರಾಲ್ಫ್ ಬೇಟ್ಸ್‌ನ ಜಾಗದಲ್ಲಿ ಮಾರ್ಟೀನ್ ಬೆಸ್ವಿಕ್ ಎದ್ದು ನಿಲ್ಲುತ್ತಾಳೆ. ಅದು ಹೆಚ್ಚು ಚುರುಕಾದ, ಹೆಚ್ಚು ತಮಾಷೆಯ ಚಿತ್ರ. ಚೆಲುವಾದ ಹೈಡ್ ಎಂಬ ದಾರಿಯನ್ನು 1960ರ ಚಿತ್ರ ತೆರೆಯದಿದ್ದರೆ ಅದು ಬರುತ್ತಿತ್ತೋ ಇಲ್ಲವೋ. ಅದೇ ವರ್ಷ ಕ್ರಿಸ್ಟೋಫರ್ ಲೀ ಕೂಡ ಬೇರೊಂದು ಸಂಸ್ಥೆಯ ಚಿತ್ರದಲ್ಲಿ ಜೆಕಿಲ್-ಹೈಡ್ ಪಾತ್ರ ಮಾಡಿದ. ಅಲ್ಲಿ ಹೆಸರುಗಳು ಮಾತ್ರ ಬೇರೆ, ಮುಖ ದಿನದಿನಕ್ಕೂ ಕುರೂಪವಾಗುತ್ತ ಹೋಗುವ ಹಳೆಯ ದಾರಿಯೇ.

ಮತ್ತೆ 1960ರ ಚಿತ್ರದ ಕೊನೆಗೆ ಬರುತ್ತೇನೆ, ಏಕೆಂದರೆ ಎಡವಿದ ಮೇಲೂ ಅದು ಒಮ್ಮೆ ಚೇತರಿಸಿಕೊಳ್ಳುತ್ತದೆ. ಪೊಲೀಸರು ಹತ್ತಿರವಾದಾಗ ಹೈಡ್ ಬೇರೊಬ್ಬ ಅಮಾಯಕನ ಹೆಣವನ್ನು ಪ್ರಯೋಗಾಲಯದಲ್ಲಿ ಸುಟ್ಟು, ಅದು ಜೆಕಿಲ್‌ನದೆಂದು ನಂಬಿಸುತ್ತಾನೆ. ಹೆಂಡತಿಯ ನಡತೆ ತಿಳಿದು ಹುಚ್ಚು ಹಿಡಿದ ಜೆಕಿಲ್ ಎಲ್ಲರನ್ನೂ ಕೊಂದು, ತನ್ನನ್ನೂ ಕೊಲ್ಲಲು ಬಂದು, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ ಎಂದು ವಿಚಾರಣೆಯಲ್ಲಿ ಕಥೆ ಕಟ್ಟುತ್ತಾನೆ. ಸಾವಿನ ವಿಚಾರಣೆ ನಡೆಸುವ ಅಧಿಕಾರಿ ಅದನ್ನು ನಂಬುತ್ತಾನೆ. ಜೆಕಿಲ್‌ಗೆ ಎಂಥ ಅನ್ಯಾಯವಾಯಿತೆಂದು ನಾವು ಅಂದುಕೊಳ್ಳಬೇಕೆಂಬುದು ಮೇಲ್ನೋಟದ ಉದ್ದೇಶ. ಆದರೆ ಹೈಡ್‌ನ ಮಾತಿನಲ್ಲಿ ಆತ್ಮಹತ್ಯೆಯೊಂದನ್ನು ಬಿಟ್ಟರೆ ಸುಳ್ಳು ಯಾವುದಿದೆ? ಹೆಂಡತಿಯ ಗುಟ್ಟು ತಿಳಿದ ಮೇಲೆಯೇ ಅಲ್ಲವೇ ಇದೆಲ್ಲ ನಡೆದದ್ದು? ಕೊಂದ ಕೈ ಯಾರದ್ದು? ನ್ಯಾಯಾಲಯವನ್ನು ದಾರಿ ತಪ್ಪಿಸಲು ಹೈಡ್ ಹೆಣೆದ ಸುಳ್ಳೇ ಇಡೀ ಚಿತ್ರದಲ್ಲಿ ಜೆಕಿಲ್‌ನ ಬಗ್ಗೆ ಯಾರಾದರೂ ಆಡಿದ ಅತ್ಯಂತ ನಿಖರವಾದ ಮಾತು. ಆ ಬಳಿಕ ಹೈಡ್‌ನ ರೂಪ ಕುಸಿದು, ಮುಪ್ಪಾದ ಜೆಕಿಲ್ ಹೊರಬಂದು, ಅವನನ್ನು ನಾನೇ ನಾಶ ಮಾಡಿದೆ ಎಂದು ಲಿಟಾವರ್‌ನ ಎದುರು ಹೇಳಿಕೊಳ್ಳುತ್ತಾನೆ. ಗೆದ್ದೆನೆಂಬ ದನಿ ಅದರಲ್ಲಿದೆ. ಆದರೆ ತಾನು ನಾಶ ಮಾಡಿದ್ದು ಇನ್ನೊಬ್ಬನನ್ನು ಎಂದು ಆ ಕ್ಷಣದಲ್ಲೂ ಅವನು ನಂಬಿದ್ದಾನೆ, ಪೊಲೀಸರು ಮಾತ್ರ ಹಿಡಿಯಬೇಕಾದವನನ್ನೇ ಹಿಡಿದಿದ್ದಾರೆ.